ತೆಳುಗಾಳಿಯ ಗುಟ್ಟು ಬಿಡಿಸಿದ ಪಾಲ್ ಬರ್ಟ್

ಸಮುದ್ರದ ಅಂಚಿನಲ್ಲಿ ಹುಟ್ಟಿ ಬೆಳೆದ ನಮಗೆ ಗಾಳಿಗೂ ಬರಗಾಲವುಂಟು ಎಂಬುದು ಸುಲಭವಾಗಿ ಮನಸ್ಸಿಗೆ ಬರುವ ಮಾತಲ್ಲ. ಆದರೆ ನಮ್ಮೂರುಗಳಿಂದ ಕೇದಾರನಾಥಕ್ಕೆ ಯಾತ್ರೆ ಹೋಗಿ ಬಂದವರನ್ನೋ ಲೇಹ್ ಕಡೆಯ ಸೈನ್ಯದ ಠಾಣೆಗಳಲ್ಲಿ ದುಡಿದು ಬಂದ ಯೋಧರನ್ನೋ ಕೇಳಿ ನೋಡಬೇಕು. ಮೂರೂವರೆ ಸಾವಿರ ಮೀಟರ್ ಎತ್ತರದ ಆ ಸ್ಥಳಗಳಲ್ಲಿ ಮೊದಲ ಒಂದೆರಡು ದಿನ ತಲೆ ಸಿಡಿಯುತ್ತದೆ, ಅನ್ನ ಸೇರುವುದಿಲ್ಲ, ವಾಂತಿ ಬಂದಂತಾಗುತ್ತದೆ, ನಿದ್ದೆ ಹತ್ತುವುದಿಲ್ಲ, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಹಟ ಹಿಡಿದು ಇನ್ನೂ ಮೇಲಕ್ಕೆ ಹೋದವರಲ್ಲಿ ಕೆಲವರಿಗೆ ಶ್ವಾಸಕೋಶದಲ್ಲಿ ಇಲ್ಲವೇ ಮಿದುಳಿನಲ್ಲಿ ನೀರು ತುಂಬಿ ಪ್ರಾಣಕ್ಕೇ ಅಪಾಯ ಬರುವುದುಂಟು. ವೈದ್ಯರು ಇದನ್ನು ಪರ್ವತವ್ಯಾಧಿ ಎನ್ನುತ್ತಾರೆ.

ಈ ವ್ಯಾಧಿ ಹೊಸದಲ್ಲ. ಎರಡು ಸಾವಿರ ವರ್ಷಗಳ ಹಿಂದೆಯೇ ಚೀನದ ಅಧಿಕಾರಿಯೊಬ್ಬ ಪಶ್ಚಿಮದ ದಾರಿಯಲ್ಲಿದ್ದ ಬೆಟ್ಟಗಳನ್ನು ತಲೆನೋವಿನ ಬೆಟ್ಟಗಳೆಂದು ಕರೆದಿದ್ದನು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತವನ್ನು ದಾಟುವಾಗ ತನಗಾದ ಸಂಕಟವನ್ನು ಸ್ಪೇನಿನ ಪಾದ್ರಿ ಅಕೋಸ್ತ 1590ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿ, ಅಲ್ಲಿನ ಗಾಳಿ ಮನುಷ್ಯನ ಉಸಿರಾಟಕ್ಕೆ ಒಗ್ಗದಷ್ಟು ಸೂಕ್ಷ್ಮವಾಗಿರಬೇಕೆಂದು ಊಹಿಸಿದ್ದನು. ಊಹೆ ಸತ್ಯದ ಹತ್ತಿರವೇ ಇತ್ತು. ಆದರೂ ಮುಂದಿನ ಸುಮಾರು ಮುನ್ನೂರು ವರ್ಷ ವಿದ್ವಾಂಸರು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತ ಹೋದರು. ಕೆಲವರು ಬರೀ ಆಯಾಸವೆಂದರು, ಕೆಲವರು ಚಳಿಯೆಂದರು. ಹೊರಗಿನ ಒತ್ತಡ ಇಳಿದುದರಿಂದ ರಕ್ತವೆಲ್ಲ ಚರ್ಮಕ್ಕೆ ನುಗ್ಗುತ್ತದೆಂದು ಮತ್ತೆ ಕೆಲವರು. ಹೊಟ್ಟೆಯೊಳಗಿನ ವಾಯು ಉಬ್ಬಿ ಎದೆಯನ್ನು ಒತ್ತುತ್ತದೆಂದವರೂ ಇದ್ದರು. ಹಿಮಾಲಯದ ಜನ ಅಲ್ಲಿ ಬೆಳೆಯುವ ವಿಷಗಿಡಗಳ ವಾಸನೆಯನ್ನು ದೂರುತ್ತಿದ್ದರು. ಇಷ್ಟೊಂದು ಮದ್ದು ಅರೆದವರ ನಡುವೆ ರೋಗದ ಬೇರು ಎಲ್ಲಿದೆಯೆಂದು ಅಳೆದು ತೂಗಿ ತೋರಿಸಿದವನು ಫ್ರಾನ್ಸಿನ ಪಾಲ್ ಬರ್ಟ್. ಫ್ರೆಂಚರ ಬಾಯಲ್ಲಿ ಆ ಹೆಸರು ಪೋಲ್ ಬೇರ್ ಎಂದಾಗುತ್ತದೆ. ವಿಶೇಷವೆಂದರೆ ಆತ ಶಿಖರಗಳನ್ನು ಏರಿ ಹೆಸರಾದವನಲ್ಲ. ಪರ್ವತದ ಗಾಳಿಯನ್ನು ಪ್ಯಾರಿಸ್ ನಗರದ ನಡುವೆ ಒಂದು ಕಬ್ಬಿಣದ ಕೊಪ್ಪರಿಗೆಯೊಳಗೆ ತಯಾರಿಸಿಕೊಂಡವನು.

ಪಾಲ್ ಬರ್ಟ್ ಹುಟ್ಟಿದ್ದು 1833ರ ಅಕ್ಟೋಬರ್ 19ರಂದು, ಪ್ಯಾರಿಸಿನ ಆಗ್ನೇಯಕ್ಕಿರುವ ಓಸೇರ್ ಎಂಬ ಪಟ್ಟಣದಲ್ಲಿ. ಮೊದಲು ಓದಿದ್ದು ಕಾನೂನು. ಅದರಲ್ಲಿ ಮನಸ್ಸು ನಿಲ್ಲದೆ ಪ್ರಾಣಿಶಾಸ್ತ್ರಕ್ಕೂ ವೈದ್ಯಕ್ಕೂ ಹೊರಳಿದನು. ಆ ಕಾಲದಲ್ಲಿ ಶರೀರಕ್ರಿಯಾ ವಿಜ್ಞಾನದ ಮಹಾಗುರು ಎನಿಸಿದ್ದ ಕ್ಲೋದ್ ಬೆರ್ನಾರನ ಶಿಷ್ಯನಾಗುವ ಭಾಗ್ಯ ಆತನಿಗೆ ದೊರೆಯಿತು. 1863ರಲ್ಲಿ ವೈದ್ಯ ಪದವಿಗಾಗಿ ಬರೆದ ಪ್ರಬಂಧ ಒಂದು ಪ್ರಾಣಿಯ ಅಂಗವನ್ನು ಇನ್ನೊಂದಕ್ಕೆ ಕಸಿ ಮಾಡುವುದರ ಕುರಿತಾದದ್ದು. ನಮ್ಮ ತೋಟಗಾರರು ಮಾವಿಗೆ ಕಸಿ ಕಟ್ಟುವಂತೆ ಈತ ಎರಡು ಇಲಿಗಳನ್ನು ಪಕ್ಕಕ್ಕೆ ಪಕ್ಕ ಸೇರಿಸಿ ಹೊಲಿದು, ಒಂದರ ರಕ್ತ ಇನ್ನೊಂದರಲ್ಲಿ ಹರಿಯುವಂತೆ ಮಾಡಿದ್ದನು. 1866ರಲ್ಲಿ ಬೋರ್ದೋ ನಗರದಲ್ಲಿ ಪ್ರಾಧ್ಯಾಪಕನಾದನು. 1869ರಲ್ಲಿ ಗುರುವಿನ ಪೀಠವೇ ಶಿಷ್ಯನಿಗೆ ಬಂದು, ಪ್ಯಾರಿಸಿನ ಸೋರ್ಬಾನ್ ವಿದ್ಯಾಪೀಠವನ್ನು ಸೇರಿದನು. ವಯಸ್ಸು ಆಗಿನ್ನೂ ಮೂವತ್ತಾರು ದಾಟಿರಲಿಲ್ಲ.

ಇಲ್ಲಿ ಇನ್ನೊಬ್ಬ ವ್ಯಕ್ತಿಯನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಡೆನಿ ಜೂರ್ದನೆ ಎಂಬ ಫ್ರೆಂಚ್ ವೈದ್ಯ ಹಲವು ವರ್ಷ ಮೆಕ್ಸಿಕೋ ದೇಶದ ಎತ್ತರದ ಬಯಲಿನಲ್ಲಿ ವೈದ್ಯವೃತ್ತಿ ಮಾಡಿದ್ದನು. ಅಲ್ಲಿಯ ಕೆಲವು ರೋಗಿಗಳ ಲಕ್ಷಣಗಳು ರಕ್ತಹೀನತೆಯ ರೋಗಿಗಳಂತೆಯೇ ಇರುವುದನ್ನು ಕಂಡನು. ರಕ್ತವೇನೋ ಇದೆ, ಆದರೆ ಅದರಲ್ಲಿ ಇರಬೇಕಾದಷ್ಟು ಆಮ್ಲಜನಕ ಇಲ್ಲ ಎಂದು ಆತ ತರ್ಕಿಸಿದನು. ತರ್ಕವನ್ನು ಪ್ರಯೋಗದಿಂದ ಸಾಧಿಸುವ ಸಲಕರಣೆ ಆತನಲ್ಲಿರಲಿಲ್ಲ, ಹಣವಿತ್ತು. ಬರ್ಟನಲ್ಲಿ ಕೈಚಳಕವಿತ್ತು, ಹಣವಿರಲಿಲ್ಲ. ಜೂರ್ದನೆಯ ಹಣದಿಂದ ಸೋರ್ಬಾನಿನ ಪ್ರಯೋಗಶಾಲೆಯಲ್ಲಿ, ಉಗಿಯಂತ್ರದ ಬಾಯ್ಲರಿನಂತೆ ದಪ್ಪ ತಗಡುಗಳನ್ನು ಮೊಳೆ ಬಡಿದು ಕೂಡಿಸಿದ ಎರಡು ದೊಡ್ಡ ಕೊಪ್ಪರಿಗೆಗಳು ಎದ್ದುನಿಂತವು. ಒಳಗೆ ಮನುಷ್ಯ ಕುಳಿತುಕೊಳ್ಳಬಹುದು. ಹೊರಗಿನವರು ನೋಡಲು ಗಾಜಿನ ಕಿಟಕಿ. ಪಂಪು ತಿರುಗಿದರೆ ಒಳಗಿನ ಗಾಳಿ ತೆಳುವಾಗುತ್ತ ಹೋಗುತ್ತದೆ. ಕುಳಿತಲ್ಲಿಂದ ಏಳದೆಯೇ ಪರ್ವತಾರೋಹಣ!

ಬರ್ಟ್ ಕೇಳಿಕೊಂಡ ಪ್ರಶ್ನೆ ಸರಳವಾದದ್ದು. ಎತ್ತರಕ್ಕೆ ಹೋದಂತೆ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಮೈಯ ಮೇಲಿನ ವಾಯುಭಾರ ಕಡಿಮೆಯಾಗುತ್ತದೆ. ಸಮುದ್ರ ಮಟ್ಟದಲ್ಲಿ 760 ಮಿಲಿಮೀಟರ್ ನಿಲ್ಲುವ ಪಾದರಸ ಸುಮಾರು 5,500 ಮೀಟರ್ ಎತ್ತರದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಜೊತೆಗೆ ಒಂದೊಂದು ಉಸಿರಿನಲ್ಲಿಯೂ ಒಳಹೋಗುವ ಆಮ್ಲಜನಕವೂ ಅರ್ಧಕ್ಕೆ ಇಳಿಯುತ್ತದೆ. ಈ ಎರಡರಲ್ಲಿ ಅಪರಾಧಿ ಯಾರು? ಒಟ್ಟಿಗೆ ಬರುವ ಇಬ್ಬರು ಕಳ್ಳರನ್ನು ಬೇರೆಬೇರೆಯಾಗಿ ವಿಚಾರಿಸುವ ಪೊಲೀಸಿನವರಂತೆ ಬರ್ಟ್ ಅವೆರಡನ್ನೂ ಬೇರ್ಪಡಿಸಿದನು.

ಗುಬ್ಬಚ್ಚಿಗಳನ್ನು ಗಾಜಿನ ಬುರುಡೆಯೊಳಗಿಟ್ಟು ವಾಯುಭಾರವನ್ನು ಇಳಿಸಿದನು, ಆದರೆ ಒಳಗೆ ಆಮ್ಲಜನಕವನ್ನು ಹೆಚ್ಚಿಸಿದನು. ಹಕ್ಕಿಗಳು ಬದುಕಿದವು. ಇನ್ನು ಕೆಲವನ್ನು ನಮ್ಮ ನಿಮ್ಮ ಸುತ್ತಲಿರುವ ಸಾಮಾನ್ಯ ವಾಯುಭಾರದಲ್ಲಿಯೇ ಇಟ್ಟು ಆಮ್ಲಜನಕವನ್ನು ಮಾತ್ರ ಕಡಿಮೆ ಮಾಡಿದನು. ಅವು ಪರ್ವತದ ಮೇಲೆ ಸಾಯುವಂತೆಯೇ ಸತ್ತವು. ವಾಯುಭಾರ ಎಷ್ಟೇ ಇರಲಿ, ಗಾಳಿಯಲ್ಲಿ ಆಮ್ಲಜನಕದ ಶೇಕಡಾ ಪ್ರಮಾಣವನ್ನು ವಾಯುಭಾರದಿಂದ ಗುಣಿಸಿದಾಗ ಬರುವ ಮೊತ್ತ ಒಂದು ಮಿತಿಗಿಂತ ಕೆಳಗಿಳಿದರೆ ಪ್ರಾಣಿ ಉಳಿಯದು ಎಂದು ಆತ ಮತ್ತೆಮತ್ತೆ ಕಂಡನು. ಚೀಲದಲ್ಲಿ ಐದನೆಯ ಒಂದು ಪಾಲು ಅಕ್ಕಿ ಇದೆ ಎಂದರೆ ಹೊಟ್ಟೆ ತುಂಬುವುದಿಲ್ಲ, ಎಲೆಗೆ ಬಿದ್ದದ್ದು ಎಷ್ಟು ಎಂಬುದು ಲೆಕ್ಕ. ಎವರೆಸ್ಟಿನ ನೆತ್ತಿಯ ಮೇಲೂ ಗಾಳಿಯ ಶೇಕಡಾ 21 ಪಾಲು ಆಮ್ಲಜನಕವೇ. ಆದರೆ ಎಲೆಗೆ ಬೀಳುವುದು ಮೂರರಲ್ಲಿ ಒಂದಂಶ ಮಾತ್ರ. ನಾಯಿಗಳ ರಕ್ತವನ್ನು ತೆಗೆದು ಪರೀಕ್ಷಿಸಿ, ವಾಯುಭಾರ ಇಳಿದಂತೆ ರಕ್ತದಲ್ಲಿನ ಆಮ್ಲಜನಕವೂ ಇಳಿಯುವುದನ್ನು ತೋರಿಸಿದನು. ಜೂರ್ದನೆಯ ಊಹೆ ನಿಜವಾಯಿತು.

ಹೀಗೆ ಆತ ಬರೆದಿಟ್ಟ ಪ್ರಯೋಗಗಳು ಆರುನೂರಕ್ಕೂ ಮಿಕ್ಕಿದವು. ಅವುಗಳಲ್ಲಿ ಸತ್ತ ಗುಬ್ಬಿಗಳ, ನಾಯಿಗಳ ಸಂಖ್ಯೆಯನ್ನು ಎಣಿಸಹೊರಟರೆ ಮನಸ್ಸು ಮುದುಡುತ್ತದೆ. ಬರ್ಟನ ಪರವಾಗಿ ಹೇಳಬಹುದಾದ ಒಂದು ಮಾತೆಂದರೆ ಮೂಕಪ್ರಾಣಿಗಳನ್ನಷ್ಟೇ ಆತ ಕೊಪ್ಪರಿಗೆಗೆ ನೂಕಲಿಲ್ಲ. ತಾನೂ ಒಳಗೆ ಹೋಗಿ ಕುಳಿತು ಬಾಗಿಲು ಹಾಕಿಸಿದನು.

ಒಳಗೆ ಆದ ಅನುಭವವನ್ನು ಆತ ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾನೆ. ವಾಯುಭಾರ ಇಳಿದಂತೆ ನಾಡಿ ಓಡತೊಡಗಿತು, ಓಕರಿಕೆ ಬಂತು, ಕಣ್ಣು ಮಂಕಾಯಿತು. ನಾಡಿಬಡಿತವನ್ನು ನಿಮಿಷದ ಮೂರನೆಯ ಒಂದು ಭಾಗದಷ್ಟು ಹೊತ್ತು ಎಣಿಸಿ, ಬಂದ ಸಂಖ್ಯೆಯನ್ನು ಮೂರರಿಂದ ಗುಣಿಸಬೇಕಾಗಿತ್ತು. ನಾಲ್ಕನೆಯ ತರಗತಿಯ ಹುಡುಗ ಮಾಡುವ ಲೆಕ್ಕ. ಸೋರ್ಬಾನಿನ ಪ್ರಾಧ್ಯಾಪಕನಿಗೆ ಅದು ಬಗೆಹರಿಯಲಿಲ್ಲ, ಲೆಕ್ಕ ಕಠಿಣವಾಗಿದೆಯೆಂದು ಟಿಪ್ಪಣಿ ಪುಸ್ತಕದಲ್ಲಿ ಗೀಚಿ ಬಿಟ್ಟನು. ಚೀಲದಲ್ಲಿದ್ದ ಆಮ್ಲಜನಕವನ್ನು ನಾಲ್ಕು ಉಸಿರು ಎಳೆದೊಡನೆ ಮಂಪರು ಹರಿದು ಲೆಕ್ಕ ಮತ್ತೆ ಲೆಕ್ಕವಾಯಿತು. 1874ರಲ್ಲಿ ಆಮ್ಲಜನಕ ಸೇವಿಸುತ್ತಲೇ ಆತ ವಾಯುಭಾರವನ್ನು 248 ಮಿಲಿಮೀಟರಿಗೆ ಇಳಿಸಿಕೊಂಡನು. ಅಷ್ಟು ತೆಳುವಾದ ಗಾಳಿಯಲ್ಲಿಯೂ ಆತನಿಗೆ ಯಾವ ತೊಂದರೆಯೂ ಆಗಲಿಲ್ಲ.

ನನ್ನ ದೃಷ್ಟಿಯಲ್ಲಿ ಬರ್ಟನ ಶೋಧನೆಯಲ್ಲಿ ಅತ್ಯಂತ ಭಯಾನಕವಾದದ್ದು ಈ ಗುಣಾಕಾರದ ಸಂಗತಿಯೇ. ಕಾಲು ಮುರಿದರೆ ನೋವು ಕೂಗಿ ಹೇಳುತ್ತದೆ. ಆಮ್ಲಜನಕದ ಬರ ಹಾಗಲ್ಲ, ಅದು ಮೊದಲು ಕದಿಯುವುದು ಬುದ್ಧಿಯನ್ನು. ಕಳ್ಳ ಮನೆಗೆ ನುಗ್ಗುವ ಮೊದಲೇ ಕಾವಲುಗಾರನಿಗೆ ಮದ್ದು ಹಾಕಿ ಮಲಗಿಸಿದ ಹಾಗೆ. ಅಪಾಯದಲ್ಲಿರುವವನಿಗೆ ತಾನು ಅಪಾಯದಲ್ಲಿದ್ದೇನೆಂಬ ಅರಿವೇ ಇರುವುದಿಲ್ಲ. ಇದಕ್ಕೆ ಪ್ರಯೋಗಶಾಲೆಯ ಹೊರಗೆ ಸಾಕ್ಷಿ ಒದಗಿದ ಬಗೆ ಮಾತ್ರ ಘೋರವಾದದ್ದು.

ಅಂದು ಎತ್ತರದ ಗಾಳಿಯನ್ನು ಬಲ್ಲವರೆಂದರೆ ಪರ್ವತಾರೋಹಿಗಳಲ್ಲದೆ ಬೆಲೂನಿನವರು. ಜೋಸೆಫ್ ಕ್ರೋಸೆ-ಸ್ಪಿನೆಲ್ಲಿ ಮತ್ತು ತಿಯೊಡೋರ್ ಸಿವೆಲ್ ಎಂಬ ಇಬ್ಬರು ಬರ್ಟನಲ್ಲಿಗೆ ಬಂದು 1874ರ ಮಾರ್ಚ್ 9ರಂದು ಕೊಪ್ಪರಿಗೆಯಲ್ಲಿ ಕುಳಿತರು. ತುಟಿ ಕಪ್ಪಿಟ್ಟು ಕಣ್ಣು ಮಬ್ಬಾದಾಗ ಆಮ್ಲಜನಕ ಎಳೆದು ಚೇತರಿಸಿಕೊಳ್ಳುವುದನ್ನು ಕಣ್ಣಾರೆ ಕಂಡುಕೊಂಡರು. ಎರಡೇ ವಾರಗಳಲ್ಲಿ, ಮಾರ್ಚ್ 22ರಂದು, ಆಮ್ಲಜನಕದ ಚೀಲಗಳೊಡನೆ ಬೆಲೂನು ಹತ್ತಿ 7,300 ಮೀಟರ್ ಎತ್ತರಕ್ಕೆ ಹೋಗಿ ಸುಖವಾಗಿ ಇಳಿದರು. ಬರ್ಟನ ಸಿದ್ಧಾಂತ ಆಕಾಶದಲ್ಲಿಯೂ ಗೆದ್ದಿತು.

ಮರುವರ್ಷ ಇನ್ನೂ ಮೇಲಕ್ಕೇರುವ ಹುಮ್ಮಸ್ಸು ಬಂತು. ಈ ಬಾರಿ ಮೂರನೆಯವನಾಗಿ ಗಾಸ್ತೋಂ ತಿಸಾಂದಿಯೇ ಸೇರಿಕೊಂಡನು. ಬೆಲೂನಿನ ಹೆಸರು ಜೆನಿತ್, ಎಂದರೆ ನಡುನೆತ್ತಿಯ ಆಕಾಶ. ಬರ್ಟ್ ಆಗ ಪ್ಯಾರಿಸಿನಲ್ಲಿರಲಿಲ್ಲ. ಒಯ್ಯಲಿರುವ ಆಮ್ಲಜನಕದ ಪ್ರಮಾಣ ತಿಳಿದಾಗ ಆತ ದಿಗಿಲುಗೊಂಡು, ಮೂವರಿಗೆ ಅಷ್ಟು ಸಾಲದೆಂದು ಪತ್ರ ಬರೆದನು. ಪತ್ರ ತಡವಾಗಿ ಬಂತು. ಇದ್ದದ್ದು ಕಡಿಮೆಯೆಂಬ ಕಾರಣಕ್ಕೆ, ತೀರ ಅಗತ್ಯವಾದಾಗ ಮಾತ್ರ ಉಪಯೋಗಿಸುವುದೆಂದು ಮೂವರೂ ನಿಶ್ಚಯಿಸಿಕೊಂಡಿದ್ದರು. ಮಿತವ್ಯಯ ನಮ್ಮಲ್ಲಿ ಒಳ್ಳೆಯ ಗುಣವೇ. ಇಲ್ಲಿ ಅದೇ ಮೃತ್ಯುವಾಯಿತು. ಅಗತ್ಯ ಬಂದಿದೆಯೆಂದು ಹೇಳಬೇಕಾದ ಬುದ್ಧಿಯೇ ಆ ಹೊತ್ತಿಗೆ ಕುಂದಿರುತ್ತದಲ್ಲ!

1875ರ ಏಪ್ರಿಲ್ 15ರಂದು ಮಧ್ಯಾಹ್ನಕ್ಕೆ ತುಸು ಮೊದಲು ಜೆನಿತ್ ಪ್ಯಾರಿಸಿನಿಂದ ಮೇಲೆದ್ದಿತು. ಏಳು ಸಾವಿರ ಮೀಟರ್ ದಾಟಿದ ಮೇಲೆ ಸಿವೆಲ್ ಇನ್ನಷ್ಟು ಮರಳಿನ ಚೀಲಗಳ ಹಗ್ಗ ಕತ್ತರಿಸಿದನು. ಬೆಲೂನು ಬಾಣದಂತೆ ಮೇಲಕ್ಕೆ ಹೋಯಿತು. ತಿಸಾಂದಿಯೇ ಬಳಿಕ ತಿಳಿಸಿದಂತೆ, ಆ ಹೊತ್ತಿನಲ್ಲಿ ಆತನಿಗೆ ಸಂಕಟವೇ ಇರಲಿಲ್ಲ, ಬದಲಿಗೆ ಒಳಗೊಳಗೇ ಒಂದು ಬಗೆಯ ಆನಂದ. ಆಮ್ಲಜನಕದ ನಳಿಗೆಗೆ ಕೈ ಚಾಚಬೇಕೆಂದುಕೊಂಡನು, ಕೈ ಏಳಲಿಲ್ಲ. ಎಂಟು ಸಾವಿರ ಮೀಟರ್ ತಲುಪಿದೆವೆಂದು ಕೂಗಿ ಹೇಳಬೇಕೆಂದುಕೊಂಡನು, ನಾಲಗೆ ಹೊರಳಲಿಲ್ಲ. ಹಾಗೆಯೇ ಪ್ರಜ್ಞೆ ತಪ್ಪಿತು. ನಡುವೆ ಒಮ್ಮೆ ಎಚ್ಚರವಾದಾಗ ಬೆಲೂನು ಇಳಿಯುತ್ತಿತ್ತು. ಕ್ರೋಸೆ-ಸ್ಪಿನೆಲ್ಲಿಯೂ ಎಚ್ಚೆತ್ತು, ಮಂಪರಿನಲ್ಲೇ ಇರಬೇಕು, ಭಾರವಾದ ಸಾಮಾನುಗಳನ್ನು ಹೊರಗೆಸೆದನು. ಇಳಿಯುತ್ತಿದ್ದ ಬೆಲೂನು ಮತ್ತೆ ಏರಿತು. ಮಧ್ಯಾಹ್ನ ಮೂರೂವರೆಯ ಸುಮಾರಿಗೆ ತಿಸಾಂದಿಯೇ ಎರಡನೆಯ ಸಲ ಕಣ್ಣು ತೆರೆದಾಗ ಗೆಳೆಯರಿಬ್ಬರೂ ಬುಟ್ಟಿಯ ತಳದಲ್ಲಿ ಮುದುಡಿಕೊಂಡಿದ್ದರು. ಮುಖ ಕಪ್ಪಾಗಿತ್ತು, ಬಾಯಲ್ಲಿ ರಕ್ತ. ಬೆಲೂನು ಸುಮಾರು 8,600 ಮೀಟರ್ ಎತ್ತರಕ್ಕೆ ಹೋಗಿತ್ತೆಂದು ಉಪಕರಣಗಳು ಹೇಳಿದವು. ಆಮ್ಲಜನಕದ ಚೀಲಗಳು ತಲೆಯ ಮೇಲೆಯೇ ತೂಗುತ್ತಿದ್ದವು. ತಿಸಾಂದಿಯೇ ಬದುಕಿದನು, ಆದರೆ ಕಿವಿ ಕೆಟ್ಟಿತು. ಸತ್ತವರಿಬ್ಬರೂ ಕೈ ಕೈ ಹಿಡಿದು ಅಕ್ಕಪಕ್ಕ ಮಲಗಿರುವ ಕಂಚಿನ ಪ್ರತಿಮೆ ಪ್ಯಾರಿಸಿನ ಪೇರ್ ಲಾಶೇಸ್ ಸ್ಮಶಾನದಲ್ಲಿದೆ.

ಅದೇ 1875ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿ ಬರ್ಟನಿಗೆ 20,000 ಫ್ರಾಂಕುಗಳ ದೊಡ್ಡ ಬಹುಮಾನವನ್ನು ಕೊಟ್ಟಿತು. 1878ರಲ್ಲಿ ಆತನ ಮಹಾಗ್ರಂಥ ‘ವಾಯುಭಾರ’ ಹೊರಬಂತು, ಸಾವಿರದ ನೂರಕ್ಕೂ ಹೆಚ್ಚು ಪುಟ. ಅದರ ಮೊದಲ ಭಾಗದಲ್ಲಿ ಆಂಡೀಸ್, ಆಲ್ಪ್ಸ್, ಹಿಮಾಲಯಗಳನ್ನು ಏರಿದ ಪ್ರವಾಸಿಗಳು ತಮ್ಮ ಸಂಕಟದ ಬಗ್ಗೆ ಬರೆದದ್ದನ್ನೆಲ್ಲ ಆತ ಹುಡುಕಿ ಸಂಗ್ರಹಿಸಿದ್ದಾನೆ. ಪ್ರಯೋಗಶಾಲೆಯವರು ಹಳೆಯ ಪ್ರವಾಸಕಥನಗಳಿಗೆ ಇಷ್ಟು ಮರ್ಯಾದೆ ಕೊಟ್ಟದ್ದು ಅಪರೂಪ. ಗ್ರಂಥದಲ್ಲಿ ಬೆಟ್ಟದ ವಿಚಾರವಷ್ಟೇ ಇಲ್ಲ, ಕಡಲಿನದೂ ಇದೆ. ಆಳಕ್ಕೆ ಮುಳುಗಿದವರು ಬೇಗನೆ ಮೇಲೆ ಬಂದರೆ ರಕ್ತದಲ್ಲಿ ಕರಗಿದ್ದ ಸಾರಜನಕ ಗುಳ್ಳೆಗಟ್ಟಿ ಕೈಕಾಲು ಬೀಳುತ್ತದೆ, ಆದ್ದರಿಂದ ನಿಧಾನವಾಗಿ ಏರಬೇಕೆಂದು ತೋರಿಸಿದವನೂ ಈತನೇ. ಪ್ರಾಣವಾಯು ಎಂದು ನಾವು ಕರೆಯುವ ಅದೇ ಆಮ್ಲಜನಕ ಅತಿಯಾದ ಒತ್ತಡದಲ್ಲಿ ವಿಷವಾಗಿ ಸೆಳವು ತರಿಸುತ್ತದೆಂಬ ಸಂಗತಿಯೂ ಇದರಲ್ಲಿದೆ.

ಇಷ್ಟಾದ ಮೇಲೆ ಬರ್ಟ್ ಪ್ರಯೋಗಶಾಲೆಯಲ್ಲೇ ಉಳಿಯಬಹುದಾಗಿತ್ತು. ಆದರೆ 1870ರ ದಶಕದಲ್ಲಿಯೇ ಆತ ಫ್ರೆಂಚ್ ಸಂಸತ್ತಿನ ಸದಸ್ಯನಾಗಿ ಗಣರಾಜ್ಯ ಪಕ್ಷದವರ ಮುಂದಾಳುಗಳಲ್ಲಿ ಒಬ್ಬನಾಗಿದ್ದನು. ಪ್ರತಿಯೊಂದು ಜಿಲ್ಲೆಯಲ್ಲಿಯೂ ಗಂಡು ಶಿಕ್ಷಕರಿಗೆ ಇರುವಂತೆ ಶಿಕ್ಷಕಿಯರಿಗೂ ತರಬೇತಿ ಶಾಲೆ ಇರಲೇಬೇಕೆಂಬ 1879ರ ಕಾನೂನು ಫ್ರಾನ್ಸಿನಲ್ಲಿ ಬರ್ಟನ ಹೆಸರಿನಿಂದಲೇ ಪ್ರಸಿದ್ಧ. ತರಬೇತಿ ಶಾಲೆಯ ಬೆಂಚಿನ ಮೇಲೆ ಕುಳಿತು ಪಾಠದ ಟಿಪ್ಪಣಿ ಬರೆದ ನಮ್ಮಂಥವರಿಗೆ, ಗಗನದ ಗಾಳಿಯನ್ನು ಅಳೆದ ವಿಜ್ಞಾನಿ ಇಂಥ ಕೆಲಸಕ್ಕೂ ಕೈ ಹಾಕಿದನೆಂಬುದು ಸಂತೋಷದ ಸಂಗತಿ. ಕಡ್ಡಾಯವೂ ಉಚಿತವೂ ಮತಾತೀತವೂ ಆದ ಪ್ರಾಥಮಿಕ ಶಿಕ್ಷಣಕ್ಕಾಗಿ ದುಡಿದನು. 1881ರ ನವೆಂಬರಿನಲ್ಲಿ ಗಾಂಬೆಟ್ಟಾನ ಮಂತ್ರಿಮಂಡಲದಲ್ಲಿ ಶಿಕ್ಷಣ ಮತ್ತು ಧರ್ಮ ಇಲಾಖೆಗಳ ಮಂತ್ರಿಯಾದನು. ಚರ್ಚಿನ ಕಟು ಟೀಕಾಕಾರನ ಕೈಗೆ ಧರ್ಮ ಇಲಾಖೆ! ದೊಡ್ಡ ಗದ್ದಲವೇ ಎದ್ದಿತು. ಆ ಮಂತ್ರಿಮಂಡಲ ಮೂರು ತಿಂಗಳೂ ಬಾಳಲಿಲ್ಲ.

ಮಕ್ಕಳಿಗಾಗಿ ಆತ ಬರೆದ ವಿಜ್ಞಾನ ಪಾಠಪುಸ್ತಕಗಳು ಭಾರೀ ಸಂಖ್ಯೆಯಲ್ಲಿ ಮಾರಾಟವಾದವು. ಕೈಗೆ ಸಿಗುವ ವಸ್ತುವಿನಿಂದ ಪಾಠ ಆರಂಭಿಸುವ ಅವುಗಳ ಕ್ರಮ ಒಳ್ಳೆಯದೇ. ಆದರೆ ಅದೇ ಪುಸ್ತಕಗಳಲ್ಲಿ ಮನುಷ್ಯಕುಲವನ್ನು ಬಣ್ಣದ ಮೇಲೆ ಮೇಲು ಕೀಳೆಂದು ವಿಂಗಡಿಸಿ ಬಿಳಿಯರನ್ನು ನೆತ್ತಿಯಲ್ಲಿ ಕೂರಿಸಿದ್ದಾನೆ. ಗುಬ್ಬಿಯ ಉಸಿರಿನ ವಿಷಯದಲ್ಲಿ ಅಳೆಯದೆ ಒಂದು ಮಾತನ್ನೂ ನಂಬದವನು ಇಲ್ಲಿ ಯಾವ ಅಳತೆಯನ್ನೂ ಕೇಳಲಿಲ್ಲ. ಅಂದಿನ ಯುರೋಪಿನಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಿದ್ದರೆಂದು ಸಮಾಧಾನ ಹೇಳುವವರಿದ್ದಾರೆ. ಎಲ್ಲರೂ ಹೇಳಿದ್ದನ್ನು ಒಪ್ಪದಿರುವುದೇ ಬರ್ಟನ ವಿಜ್ಞಾನದ ಹಿರಿಮೆಯಾಗಿದ್ದುದರಿಂದ ಆ ಸಮಾಧಾನ ನನಗೆ ರುಚಿಸುವುದಿಲ್ಲ.

1886ರ ಆರಂಭದಲ್ಲಿ ಫ್ರೆಂಚ್ ಸರ್ಕಾರ ಆತನನ್ನು ಇಂದಿನ ವಿಯೆಟ್ನಾಮಿಗೆ ಸೇರಿದ ಅನ್ನಾಮ್ ಮತ್ತು ಟೋಂಕಿನ್ ಪ್ರಾಂತಗಳ ಮುಖ್ಯಾಡಳಿತಗಾರನನ್ನಾಗಿ ಕಳುಹಿಸಿತು. ಶಾಲೆ ತೆರೆಯುವ, ಆಡಳಿತ ಸುಧಾರಿಸುವ ಉತ್ಸಾಹದಿಂದಲೇ ಹೋದನು, ಆದರೆ ಹೋದದ್ದು ಆಳುವವನಾಗಿ. ಅಲ್ಲಿನ ಹವೆ ಆತನನ್ನು ಹೆಚ್ಚು ದಿನ ಉಳಿಸಲಿಲ್ಲ. ಭೇದಿಯ ರೋಗದಿಂದ ನರಳಿ ನವೆಂಬರ್ 11ರಂದು ಹನೋಯಿಯಲ್ಲಿ ತೀರಿಕೊಂಡನು. ಐವತ್ತಮೂರು ವರ್ಷ ವಯಸ್ಸು. ದೇಹವನ್ನು ಹಡಗಿನಲ್ಲಿ ಒಯ್ದು ಹುಟ್ಟೂರಿನಲ್ಲಿ ಮಣ್ಣು ಮಾಡಿದರು. ಹನೋಯಿಯಲ್ಲಿ ಫ್ರೆಂಚರು ನಿಲ್ಲಿಸಿದ ಆತನ ಪ್ರತಿಮೆಯನ್ನು 1945ರಲ್ಲಿ ಕೆಳಗಿಳಿಸಲಾಯಿತು.

ಆತನ ಸಿದ್ಧಾಂತವನ್ನು ಕೂಡಲೇ ಎಲ್ಲರೂ ಒಪ್ಪಿದರೆಂದಲ್ಲ. ಇಟಲಿಯ ಆಂಜೆಲೊ ಮೊಸ್ಸೊ ಎಂಬ ದೊಡ್ಡ ವಿದ್ವಾಂಸ, ಪರ್ವತವ್ಯಾಧಿಗೆ ಕಾರಣ ಆಮ್ಲಜನಕದ ಕೊರತೆಯಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡಿನ ಕೊರತೆ ಎಂದು ವಾದಿಸಿದನು. ಆ ವಾದ ಕಾಲಕ್ರಮದಲ್ಲಿ ಬಿದ್ದುಹೋಯಿತು. ಬೆಟ್ಟದ ಮೇಲೆಯೇ ಬಾಳುವ ಪ್ರಾಣಿಗಳ ರಕ್ತದಲ್ಲಿ ಆಮ್ಲಜನಕ ಹಿಡಿಯುವ ಶಕ್ತಿ ಹೆಚ್ಚಾಗಿರಬೇಕೆಂದು ಬರ್ಟ್ ಮೊದಲೇ ಊಹಿಸಿ, 1882ರಲ್ಲಿ ಬೊಲಿವಿಯದ ಲಾ ಪಾಜ್ ನಗರದಿಂದ ತರಿಸಿದ ರಕ್ತದಲ್ಲಿ ಅದನ್ನು ಕಂಡಿದ್ದನು. 1890ರಲ್ಲಿ ಅವನದೇ ದೇಶದ ವಿಯೋ ಎಂಬಾತ ಪೆರು ದೇಶದ ಬೆಟ್ಟಗಳಿಗೆ ಹೋದಾಗ ಮನುಷ್ಯರಲ್ಲಿಯೂ ಕೆಂಪು ರಕ್ತಕಣಗಳು ಹೆಚ್ಚುವುದು ಸಿದ್ಧವಾಯಿತು. ನಮ್ಮ ದೇಶದಲ್ಲಿ, 1962ರ ಚೀನಾ ಯುದ್ಧದಲ್ಲಿ ತಗ್ಗಿನ ನಾಡಿನ ಸೈನಿಕರನ್ನು ತಟಕ್ಕನೆ ಹಿಮಾಲಯಕ್ಕೆ ಒಯ್ಯಬೇಕಾಗಿ ಬಂದ ಮೇಲೆ ಈ ವಿದ್ಯೆಯ ಬೆಲೆ ತಿಳಿಯಿತು. ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1,925 ಸೈನಿಕರಲ್ಲಿ ಕಂಡ ಪರ್ವತವ್ಯಾಧಿಯ ವಿವರಗಳನ್ನು 1969ರಲ್ಲಿ ಪ್ರಕಟಿಸಿದರು. ಇಂದಿಗೂ ಜಗತ್ತಿನ ವೈದ್ಯರು ಅದನ್ನು ನೋಡುತ್ತಾರೆ. ದಿನಕ್ಕೆ ಸ್ವಲ್ಪಸ್ವಲ್ಪವೇ ಏರಬೇಕು, ತಲೆನೋವು ಬಂದರೆ ಅಲ್ಲೇ ನಿಲ್ಲಬೇಕು, ಹೆಚ್ಚಾದರೆ ಕೆಳಗಿಳಿಯಬೇಕು ಎಂಬುದು ಈಗಿನ ವೈದ್ಯರ ಮಾತು. ಯಾತ್ರೆಗೆ ಹೊರಟವರು ಇನ್ನೊಂದನ್ನೂ ನೆನಪಿಡಬೇಕು. ಜೊತೆಗಾರ ತನಗೇನೂ ಆಗಿಲ್ಲವೆಂದರೂ ತಡವರಿಸಿ ಮಾತಾಡುತ್ತಿದ್ದರೆ ಆತನ ಮಾತನ್ನು ನಂಬಬಾರದು.

ಬರ್ಟನ ಮಹಾಗ್ರಂಥ ಇಂಗ್ಲಿಷಿಗೆ ಬಂದದ್ದು 1943ರಲ್ಲಿ, ಎರಡನೆಯ ಮಹಾಯುದ್ಧದ ವಿಮಾನ ಚಾಲಕರಿಗೆ ಎತ್ತರದ ಗಾಳಿಯ ಚಿಂತೆ ಹತ್ತಿದಾಗ. 1978ರ ಮೇ 8ರಂದು ರೈನ್‌ಹೋಲ್ಡ್ ಮೆಸ್ನರ್ ಮತ್ತು ಪೀಟರ್ ಹಾಬೆಲರ್ ಆಮ್ಲಜನಕದ ಸಿಲಿಂಡರಿಲ್ಲದೆ ಎವರೆಸ್ಟ್ ಏರಿ ಇಳಿದರು. ವಾರಗಟ್ಟಲೆ ಎತ್ತರದಲ್ಲಿದ್ದು ಮೈಯನ್ನು ಒಗ್ಗಿಸಿಕೊಂಡವರಿಗೆ ಮಾತ್ರ ಸಾಧ್ಯವಾದ ಸಾಹಸ ಅದು. 1981ರಲ್ಲಿ ಅಮೆರಿಕದ ವೈದ್ಯಕೀಯ ತಂಡವೊಂದು ಎವರೆಸ್ಟಿಗೆ ಬಂದು, ಅದರ ಸದಸ್ಯರಲ್ಲೊಬ್ಬ ನೆತ್ತಿಯ ಮೇಲೆ ನಿಂತು ಮೊಟ್ಟಮೊದಲ ಬಾರಿಗೆ ಅಲ್ಲಿನ ವಾಯುಭಾರವನ್ನು ಅಳೆದನು. ಮಾಪಕ ತೋರಿಸಿದ್ದು 253 ಮಿಲಿಮೀಟರ್. ಬರ್ಟ್ ಸೋರ್ಬಾನಿನ ಕೊಪ್ಪರಿಗೆಯಲ್ಲಿ ಕುಳಿತು ಇಳಿಸಿಕೊಂಡದ್ದು ಅದಕ್ಕಿಂತಲೂ ಐದು ಮಿಲಿಮೀಟರ್ ಕೆಳಗೆ.